ನೆರಳು ಹಿಡಿಯುತ್ತಿದ್ದ ಜಲಜಕ್ಕ

ಜಲಜಕ್ಕ ಯಾವ ಕೋಟೆಗೆ ಹೋದರೂ ಮೊದಲು ಬುರುಜು ನೋಡುತ್ತಿರಲಿಲ್ಲ, ಫಿರಂಗಿ ನೋಡುತ್ತಿರಲಿಲ್ಲ. ನೆರಳು ನೋಡುತ್ತಿದ್ದರು. ಮಡಚಿದ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತು, ಸೂರ್ಯ ಈಗ ಎಲ್ಲಿದ್ದಾನೆ, ಊಟದ ಹೊತ್ತಿಗೆ ಎಲ್ಲಿಗೆ ಬರುತ್ತಾನೆ ಎಂದು ಲೆಕ್ಕ ಹಾಕಿ, ಒಂದು ಮರವನ್ನೋ ಅರ್ಧ ಕುಸಿದ ಗೋಡೆಯನ್ನೋ ಆರಿಸಿ, ಅದರ ಬುಡದಲ್ಲಿ ತಮ್ಮ ಕೈಚೀಲ ಇಟ್ಟುಬಿಡುತ್ತಿದ್ದರು. ಚೀಲ ಇಟ್ಟರೆ ಮುಗಿಯಿತು. ಲೋಕಲ್ ರೈಲಿನ ಸೀಟಿಗೆ ಕರವಸ್ತ್ರ ಎಸೆದ ಹಾಗೆ, ಆ ನೆರಳು ಅವರದು. ವಸಾಯಿಯಲ್ಲಿ ಚಾವಣಿ ಹಾರಿಹೋದ ಹಳೆಯ ಇಗರ್ಜಿಯ ಒಂದು ಮೂಲೆ, ಅಂಬರನಾಥದ ಶಿವಾಲಯದಲ್ಲಿ ಹಳ್ಳದ ಕಡೆಯ ಕಟ್ಟೆ, ಕರ್ನಾಳಾ ಗುಡ್ಡದ ಬುಡದಲ್ಲಿ ಒಂದು ದೊಡ್ಡ ಮರ. ಬೇಲಾಪುರದ ಕೋಟೆಯಲ್ಲಿ ಕೂರುವಷ್ಟು ನೆರಳಿಲ್ಲವೆಂದು ಅಲ್ಲಿಗೆ ನಮ್ಮನ್ನು ಕರೆದುಕೊಂಡೇ ಹೋಗಲಿಲ್ಲ.

"ಕಟ್ಟಿದವರು ಬಿಸಿಲಲ್ಲಿ ನಿಂತದ್ದು ಸಾಕು. ನೋಡುವವರೂ ನಿಲ್ಲಬೇಕಾ ಮಾರಾಯ್ತಿ?" ಎನ್ನುತ್ತಿದ್ದರು.

ಊರು ಉಡುಪಿಯ ಹತ್ತಿರ. ಡೊಂಬಿವಲಿ ಎಂಐಡಿಸಿಯ ಒಂದು ರಾಸಾಯನಿಕ ಕಾರ್ಖಾನೆಯ ಎದುರು ಅವರ ಗಂಡನ ಹೋಟೆಲಿತ್ತು. ಗಲ್ಲಾದಲ್ಲಿ ಜಲಜಕ್ಕ ಕೂತರೆ ಮಾಣಿಗಳಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ನೆಟ್ಟಗೆ ನಡೆಯುತ್ತಿದ್ದರು. ಗಟ್ಟಿ ದನಿ, ಕೈತುಂಬ ಬಳೆ. ಯಾರಾದರೂ ಹಳೆಯ ಜಗಳ ಮರೆತುಬಿಡಿ ಎಂದರೆ, "ನನಗೆ ಮರೆವು ಇಲ್ಲ, ಡಾಕ್ಟ್ರೇ ಹೇಳಿದ್ದು" ಎಂದು ನಗುತ್ತಿದ್ದರು. ನಗುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ.

ನಮ್ಮ ಕನ್ನಡ ಸಂಘ ವರ್ಷಕ್ಕೆರಡು ಸಲ ಸಹಲ್ ಹೊರಡಿಸುತ್ತಿತ್ತು. ಸಹಲ್ ಎಂದರೆ ಇಲ್ಲಿಯವರ ಮಾತಿನಲ್ಲಿ ವಿಹಾರ. ಅದರ ಹೊಣೆ ಬಹಳ ಕಾಲ ಜಲಜಕ್ಕನದು. ಅವರ ಕೆಲಸದ ರೀತಿಯೇ ಬೇರೆ. ಸಹಲ್‌ಗೆ ಒಂದು ವಾರ ಮೊದಲು ಒಬ್ಬರೇ ರೈಲು, ಎಸ್ಟಿ ಬಸ್ಸು ಹಿಡಿದು ಆ ಜಾಗಕ್ಕೆ ಹೋಗುತ್ತಿದ್ದರು. ಕೋಟೆಯ ಹತ್ತಿರದ ಯಾವುದಾದರೂ ಮನೆಯ ಹೆಂಗಸಿನ ಜೊತೆ ಕೂತು ಮಾತಾಡಿ, ಊರಿನ ಹಪ್ಪಳ ಕೊಟ್ಟು, ಮರಳುವಾಗ ಮುಖ್ಯವಾದ ಒಂದು ವಿಷಯ ಗಟ್ಟಿ ಮಾಡಿಕೊಂಡು ಬರುತ್ತಿದ್ದರು: ನಮ್ಮ ಹೆಂಗಸರು ಬಂದರೆ ಅವರ ಮನೆಯ ಸಂಡಾಸಿಗೆ ಹೋಗಬಹುದು. ಕೋಟೆ ನೋಡಲು ಹೊರಟ ಹೆಂಗಸರು ಬೆಳಗಿನಿಂದ ನೀರು ಮುಟ್ಟುವುದಿಲ್ಲ ಎಂಬುದು ಗಂಡಸರಿಗೆ ತಿಳಿಯದ ಇತಿಹಾಸ. ಜಲಜಕ್ಕನ ಬಸ್ಸಿನಲ್ಲಿ ಮಾತ್ರ ಹತ್ತುವಾಗಲೇ ಕೂಗು ಕೇಳುತ್ತಿತ್ತು: "ನೀರು ಕುಡಿಯಿರಿ, ಜಾಗ ಉಂಟು!"

ಇಂಥವರನ್ನು ಒಬ್ಬ ಮನುಷ್ಯ ತುಂಬಿದ ಸಭೆಯಲ್ಲಿ ನಗೆಪಾಟಲು ಮಾಡಿದ.

ಆತ ಆಗಷ್ಟೇ ನಮ್ಮ ಸಂಘದ ಅಧ್ಯಕ್ಷರಾಗಿದ್ದರು. ಬೆಂಗಳೂರಿನವರು, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಕೆಲಸ, ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಎತ್ತರದ ಕಟ್ಟಡದ ಎತ್ತರದ ಮನೆ. ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅದೂ ಒಂದು ಮರ್ಯಾದೆ ಕೊಟ್ಟಂತೆ.

ಮುಂದಿನ ಸಹಲ್ ಎಲ್ಲಿಗೆ ಎಂದು ಚರ್ಚೆ ನಡೆದಿತ್ತು. ಅಧ್ಯಕ್ಷರು ವಸಾಯಿ ಕೋಟೆಯಲ್ಲಿ ನಾವು ಅದುವರೆಗೆ ನೋಡದ ಒಂದು ಭಾಗವನ್ನು ಹೇಳಿದರು. ಜಲಜಕ್ಕ ಎದ್ದು, "ಅಲ್ಲಿ ಹೆಂಗಸರಿಗೆ ಹೋಗಲಿಕ್ಕೆ ಜಾಗ ಉಂಟಾ, ನೋಡಿದ್ದೀರಾ?" ಎಂದು ಕೇಳಿದರು.

"ಜಲಜಾ ಮೇಡಂ, ನಾವು ಹಿಸ್ಟರಿ ನೋಡೋಕೆ ಹೋಗ್ತಿದೀವೋ, ಟಾಯ್ಲೆಟ್ ನೋಡೋಕೋ?"

ಸಭೆ ನಕ್ಕಿತು. ಹೆಂಗಸರೂ ನಕ್ಕರು. ಜಲಜಕ್ಕ ಕೂರಲಿಲ್ಲ. ನನ್ನ ಕಡೆ ಕೈ ತೋರಿಸಿ, "ಹಿಸ್ಟರಿ ಹೇಳಲಿಕ್ಕೂ ನಮ್ಮಲ್ಲಿ ಜನ ಉಂಟು. ಈ ಹುಡುಗಿ ಹಿಸ್ಟರಿಯಲ್ಲಿ ಬಿ.ಎ. ಮಾಡಿದ್ದಾಳೆ. ಕೋಟೆಯಲ್ಲಿ ಇವಳು ಮಾತಾಡ್ತಾಳೆ" ಎಂದರು.

"ಯಾರ ಮಗಳು?"

"ನಮ್ಮ ಗೌಂಡಿ ಹಣಮಂತಪ್ಪನ ಮಗಳು."

"ಓ, ಹಾಗಾದ್ರೆ ಗೋಡೆ ಬಗ್ಗೆ ಚೆನ್ನಾಗೇ ಗೊತ್ತಿರುತ್ತೆ ಬಿಡಿ."

ಎರಡನೆಯ ನಗು ಮೊದಲಿನದಕ್ಕಿಂತ ದೊಡ್ಡದಿತ್ತು. ಸಹಲ್ ಇನ್ನು ಮೇಲೆ ಟ್ರಾವೆಲ್ಸ್‌ನವರಿಗೆ, ಜಲಜಾ ಮೇಡಂ ಉಪ್ಪಿಟ್ಟು ಕಳಿಸಿದರೆ ಸಾಕು ಎಂದು ಆ ನಗುವಿನಲ್ಲೇ ಠರಾವು ಆಯಿತು.

ನನ್ನಪ್ಪ ಕಲಬುರಗಿ ಕಡೆಯ ಗೌಂಡಿ, ಗಾರೆ ಕೆಲಸದವನು. ನೆರೂಳ, ವಾಶಿಯ ಎಷ್ಟೋ ಕಟ್ಟಡಗಳಲ್ಲಿ ಗೃಹಪ್ರವೇಶಕ್ಕೆ ಮೊದಲು ಮಲಗಿದವರು ನಾವು. ಬಾಗಿಲು ಕೂರಿಸುವ ಹೊತ್ತಿಗೆ ನಮ್ಮ ಗಂಟುಮೂಟೆ ಮುಂದಿನ ಕಟ್ಟಡಕ್ಕೆ. ಹಾಗೆ ಶಾಲೆಯಿಂದ ಶಾಲೆಗೆ ಎಗರಿ, ಸಂಜೆ ಜಲಜಕ್ಕನ ಗಲ್ಲಾದಲ್ಲಿ ಕೂತು, ನಾನು ಪದವಿ ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಮೊದಲನೆಯವಳು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ಆ ದಿನ ಸಭೆಯಿಂದ ಹೊರಬಿದ್ದು ಸ್ಟೇಷನ್ನಿನ ಸೇತುವೆ ಹತ್ತುವಾಗ ನನ್ನ ಕಣ್ಣು ತುಂಬಿತು. ಜಲಜಕ್ಕ ನಿಂತರು.

"ಅಳಬೇಡ. ಅತ್ತರೆ ಸೇಡು ಹರಿದು ಹೋಗ್ತದೆ. ಒಳಗೇ ಇಟ್ಟುಕೋ."

"ಏನ್ ಮಾಡಾಮ್ರಿ ಅಕ್ಕಾರ?"

"ಅವನ ಬಸ್ಸು ಎಲ್ಲಿಗೆ ಹೋಗ್ತದೋ ನಮ್ಮದೂ ಅಲ್ಲಿಗೆ. ಅದೇ ದಿನ. ಅರ್ಧ ಗಂಟೆ ಮೊದಲು."

ಹಾಗೆಯೇ ಮಾಡಿದರು. ಹೋಟೆಲಿನ ಗಿರಾಕಿಗಳು, ಕಲ್ಯಾಣದ ತುಳು ಮನೆಗಳು, ನಮ್ಮ ಕಡೆಯ ಗೌಂಡಿಗಳ ಕುಟುಂಬಗಳು ಸೇರಿ ಒಂದು ಬಸ್ಸು. ವಸಾಯಿಯಲ್ಲಿ ಸಂಘದ ಬಸ್ಸು ಬಂದು ನಿಲ್ಲುವಾಗ ಇಗರ್ಜಿಯ ಮೂಲೆಯಲ್ಲಿ ನಮ್ಮ ಜಮಖಾನೆ ಹಾಸಿಯಾಗಿತ್ತು. ಅವರ ಕಡೆಯವರು ಬಿಸಿಲಲ್ಲಿ ನಿಂತು, ಬೆಳ್ಳಿಕಾಗದದ ಪೊಟ್ಟಣ ಬಿಚ್ಚಿ ತಣ್ಣಗಾದ ಪಲಾವು ತಿನ್ನುತ್ತಿದ್ದರು. ಅಧ್ಯಕ್ಷರು ಬೆವರು ಒರೆಸುತ್ತ ನಮ್ಮತ್ತ ಬಂದರು.

"ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಮ್ಮೋರೂ ಕೂತ್ಕೋತಾರೆ."

ಜಲಜಕ್ಕ ತಮ್ಮ ಚೀಲವನ್ನು ಇನ್ನೂ ಸ್ವಲ್ಪ ಮುಂದೆ ಸರಿಸಿದರು. "ಇದು ಉಪ್ಪಿಟ್ಟಿನವರ ಜಾಗ ಸರ್. ನಿಮ್ಮ ಹಿಸ್ಟರಿ ಆಚೆ ಉಂಟು, ಬಿಸಿಲಲ್ಲಿ."

ಆದರೆ ಆ ಬಸ್ಸಿನ ಹೆಂಗಸರು ಒಬ್ಬೊಬ್ಬರಾಗಿ ಬಂದಾಗ ಚೀಲ ಹಿಂದಕ್ಕೆ ಸರಿಯುತ್ತಿತ್ತು. ಅವರಿಗೆ ನೆರಳೂ ಸಿಕ್ಕಿತು, ನೀರೂ ಸಿಕ್ಕಿತು, ಪಕ್ಕದ ಮನೆಯ ದಾರಿಯೂ ಸಿಕ್ಕಿತು. ಅಂದು ಮೈಕು ನನ್ನ ಕೈಯಲ್ಲಿತ್ತು. ಅಧ್ಯಕ್ಷರಿಗೆ ಕೇಳುವಷ್ಟು ಗಟ್ಟಿಯಾಗಿ ಶುರುಮಾಡಿದೆ: "ನಾನು ಗೌಂಡಿಯ ಮಗಳು. ಗೋಡೆಯ ಬಗ್ಗೆ ನನಗೆ ಗೊತ್ತಿದೆ." ಆಮೇಲೆ ಎಲ್ಲ ಕೋಟೆಯಲ್ಲೂ ನನ್ನ ಮೊದಲ ಮಾತು ಅದೇ ಆಯಿತು.

ವರ್ಷಗಳು ಹೀಗೆ ಹೋದವು. ಐರೋಳಿಯ ಹಿನ್ನೀರಿನ ಖಾಡಿಯಲ್ಲಿ ರಾಜಹಂಸಗಳನ್ನು ನೋಡಲು ಅವರು ಹೋದರೆ ಒಳ್ಳೆಯ ದೋಣಿಗಳಲ್ಲಿ ಮೊದಲೇ ನಾವು ಕೂತಿರುತ್ತಿದ್ದೆವು. ಅಂಬರನಾಥದಲ್ಲಿ ಹಳ್ಳದ ಕಟ್ಟೆ ನಮ್ಮದು. ಅಧ್ಯಕ್ಷರು ಜಾಗದ ಹೆಸರನ್ನು ಕೊನೆಯವರೆಗೆ ಗುಟ್ಟಾಗಿಟ್ಟರು. ಗುಟ್ಟು ಅವರ ಹೆಂಡತಿಯ ಬಾಯಿಂದಲೇ ಜಲಜಕ್ಕನಿಗೆ ತಲುಪುತ್ತಿತ್ತು. ಆಕೆಯೂ ನೀರು ಕುಡಿಯಬೇಕಲ್ಲ!

ಕೊನೆಯದು ಅಲಿಬಾಗದ ಕೋಟೆ. ಅದು ಸಮುದ್ರದೊಳಗಿದೆ. ಇಳಿತ ಇದ್ದಾಗ ಒದ್ದೆ ಮರಳಿನ ಮೇಲೆ ನಡೆದೋ ಕುದುರೆಗಾಡಿಯಲ್ಲೋ ಹೋಗಬಹುದು, ಭರತ ಬಂದರೆ ದೋಣಿಯೇ ಗತಿ. ಅಂದು ಭಾನುವಾರ. ಎರಡೂ ಬಸ್ಸಿನವರು ಮಧ್ಯಾಹ್ನ ನಡೆದೇ ದಾಟಿದೆವು. ನಾನು ನಮ್ಮವರಿಗೆ ಹೊರಗಿನ ಗೋಡೆ ತೋರಿಸಿದೆ. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು. ಸಂದಿಯಲ್ಲಿ ನುಗ್ಗಿದ ಅಲೆ ತನ್ನ ಬಲ ಕಳೆದುಕೊಂಡು ಹಿಂದಿರುಗುತ್ತದೆ. ನಮ್ಮಪ್ಪ ಅಂಗೈಯಿಂದ ಆ ಕಲ್ಲು ಸವರಿ, "ಇದನ್ನ ಕಟ್ಟಿದಾಂವಾ ನಮ್ಮಪ್ಪನಂಥಾ ಗೌಂಡಿ ಬಿಡವಾ" ಎಂದ.

ಗಾಡಿಯವನು ಎರಡೂ ಗುಂಪಿಗೆ ಕೂಗಿ ಹೇಳಿದ್ದ, ನಾಲ್ಕೂವರೆಯೊಳಗೆ ಹೊರಡಿ, ಆಮೇಲೆ ನೀರು ಬರುತ್ತದೆ ಎಂದು. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರರವರೆಗೆ. ಜಲಜಕ್ಕನೂ ರಾಹುಕಾಲ ನೋಡುವವರೇ. ಆದರೆ ಅವರು ನಾಲ್ಕಕ್ಕೇ ತಮ್ಮ ಕೈಚೀಲವನ್ನು ಗಾಡಿಯವನ ಕೈಯಲ್ಲಿ ದಡಕ್ಕೆ ಕಳಿಸಿ, "ಪ್ರಸ್ಥಾನ ಇಟ್ಟಾಯಿತು, ನಾವು ಆಗಲೇ ಹೊರಟ ಲೆಕ್ಕ. ಇನ್ನು ರಾಹು ನಮ್ಮನ್ನು ಎಂತ ಮಾಡ್ತಾನೆ, ನಡೆಯಿರಿ" ಎಂದು ನಮ್ಮನ್ನೆಲ್ಲ ಎಬ್ಬಿಸಿದರು. ಅತ್ತ ಅಧ್ಯಕ್ಷರು ಕೆಂಪು ಟೊಪ್ಪಿ ಹಾಕಿಕೊಂಡು ಕೋಟೆಯೊಳಗಿನ ಗುಡಿಯ ಕೆರೆಯ ಕಟ್ಟೆಯ ಮೇಲೆ ನಿಂತು ಮೊಬೈಲು ಎತ್ತಿ ತೋರಿಸುತ್ತಿದ್ದರು. ಅದರಲ್ಲಿ ರಾಹುಕಾಲಕ್ಕೇ ಒಂದು ಆ್ಯಪ್ ಇತ್ತು. "ಆರು ಗಂಟೆ ಆಗ್ಲಿ, ಆಮೇಲೆ ನಿಧಾನಕ್ಕೆ ಹೊರಡೋಣ. ಮನೆಗೆ ಹೋಗೋದು, ಒಳ್ಳೆ ಟೈಮಲ್ಲೇ ಹೋಗೋಣ" ಎಂದು ಎಲ್ಲರನ್ನೂ ಕೂರಿಸಿದರು.

ಸಮುದ್ರಕ್ಕೆ ಆ್ಯಪ್ ಇರಲಿಲ್ಲ.

ನಾವು ದಡದ ಕಟ್ಟೆಯಲ್ಲಿ ಕೂತು ನೋಡಿದೆವು. ನಮ್ಮ ಹೆಜ್ಜೆಗುರುತು ಮುಳುಗಿತು. ಮರಳು ಮುಳುಗಿತು. ಆರಕ್ಕೆ ಕೋಟೆಯ ಬಾಗಿಲಿಗೆ ಬಂದವರು ಎದುರಿಗೆ ನೀರು ಕಂಡು ಅಲ್ಲೇ ನಿಂತರು. ಬಣ್ಣಬಣ್ಣದ ಸೀರೆಗಳು ಬಾಗಿಲ ತುಂಬ. ದೋಣಿಯವರು ಆಗಲೇ ಕೆಲಸ ಮುಗಿಸಿ ದೋಣಿ ಕಟ್ಟಿದ್ದರು. ಅವರಲ್ಲೊಬ್ಬ, ಅಂದು ನಾವು ಸಂಡಾಸಿಗೆ ಹೋಗಿದ್ದ ಮನೆಯ ಯಜಮಾನ, ಜಲಜಕ್ಕನ ಹತ್ತಿರ ಬಂದು, "ಕಾಯ್ ತಾಈ, ಏನಕ್ಕಾ, ದೋಣಿ ಬಿಡಲಾ?" ಎಂದು ಕೇಳಿದ.

ಜಲಜಕ್ಕ ಕೈಯಲ್ಲಿದ್ದ ಚಹಾವನ್ನು ಒಂದೊಂದೇ ಗುಟುಕು ಕುಡಿದರು. ಅಷ್ಟು ನಿಧಾನವಾಗಿ ಅವರು ಚಹಾ ಕುಡಿದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರ," ಎಂದೆ ನಾನು. "ಇನ್ನೊಂದೀಟು ನಿಂದರ್ಲಿ ಆ ಮನಷ್ಯಾ."

"ಅವನು ನಿಲ್ಲಲಿ. ಆ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯಲಿಲ್ಲ, ಗೊತ್ತುಂಟಾ?" ಲೋಟ ಕೆಳಗಿಟ್ಟು ದೋಣಿಯವನಿಗೆ ಹೇಳಿದರು: "ಬಿಡಪ್ಪಾ. ಮೊದಲು ಹೆಂಗಸರು, ಮಕ್ಕಳು. ಆಮೇಲೆ ಮುದುಕರು. ಆಮೇಲೆ ಉಳಿದ ಗಂಡಸರು. ಆ ಕೆಂಪು ಟೊಪ್ಪಿಯವನು ಕೊನೆಗೆ. ಅವನ ರಾಹುಕಾಲ ಪೂರ್ತಿ ಕಳೆಯಲಿ."

ಹಾಗೆಯೇ ಆಯಿತು. ದೋಣಿ ಹೋಗಿ ಬಂದು, ಹೋಗಿ ಬಂದು, ಕತ್ತಲು ಕವಿಯುವ ಹೊತ್ತಿಗೆ ಕೆಂಪು ಟೊಪ್ಪಿ ದಡಕ್ಕೆ ಬಂತು. ಇಳಿಯುವಾಗ ಕಾಲು ಜಾರಿ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಅಷ್ಟೂ ಜನರ ಎದುರು ಜಲಜಕ್ಕ ಎದ್ದು ನಿಂತು, ಬಹಳ ಗೌರವದಿಂದ ಕೇಳಿದರು:

"ಹಿಸ್ಟರಿ ನೋಡಿ ಆಯ್ತಾ ಸರ್?"

ಈ ಸಲ ಸಭೆ ನಮ್ಮ ಕಡೆ ನಿಂತು ನಕ್ಕಿತು. ಮೊದಲು ನಕ್ಕವರು ಅಧ್ಯಕ್ಷರ ಹೆಂಡತಿ. ಆ ಹೆಂಗಸರ್ಯಾರೂ ಸಂಘದ ಬಸ್ಸು ಹತ್ತಲಿಲ್ಲ. ನಮ್ಮ ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು, ಹಲವರು ನಿಂತುಕೊಂಡೇ, ಹಾಡು ಹೇಳುತ್ತ ಡೊಂಬಿವಲಿಗೆ ಬಂದರು. ಹಿಂದೆ ಸಂಘದ ಬಸ್ಸು ಖಾಲಿ ಸೀಟು ಹೊತ್ತು ಬರುತ್ತಿತ್ತು.

ಇಷ್ಟಾದರೂ ಜಲಜಕ್ಕನಿಗೆ ತೃಪ್ತಿಯಿರಲಿಲ್ಲ. ಅವರನ್ನು ಕೊನೆಯ ಸಲ ನೋಡಿದ್ದು ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ. ನಾನು ಅಷ್ಟರಲ್ಲಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಬಳೆ ತೆಗೆದಿದ್ದರು, ಕೈ ಬರಿದಾಗಿ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಕಿಟಕಿಯ ಬಿಸಿಲು ಮುಖಕ್ಕೆ ಬೀಳುತ್ತಿತ್ತೆಂದು ಮಂಚ ಸರಿಸಿದೆ.

"ನಾನು ಹೋದರೆ ಸಂಘದಲ್ಲಿ ಸಭೆ ಮಾಡ್ತಾರೆ," ಎಂದರು. "ಅವನು ಮಾತಾಡ್ತಾನೆ. ಬಿಡಬೇಡ."

"ಈಗ ಏನ್ ಬೈತಾರ್ರಿ ಅವ್ರು?"

"ಬೈದರೆ ಬೈಯಲಿ ಮಾರಾಯ್ತಿ, ಅದು ಸಾರಿಲ್ಲ. ಅವನು ಹೊಗಳ್ತಾನೆ. ಹೊಗಳಿದರೆ ಎಲ್ಲ ತೊಳೆದು ಹೋದ ಹಾಗೆ ಆಗ್ತದೆ. ತೊಳೆಯಲಿಕ್ಕೆ ಬಿಡಬೇಡ."

ಮಾತು ಕೊಟ್ಟೆ.

ಶ್ರದ್ಧಾಂಜಲಿ ಸಭೆಯ ದಿನ ಅರ್ಧ ಗಂಟೆ ಮೊದಲೇ ಹೋಗಿ ಮೈಕಿನ ಪಕ್ಕದ ಕುರ್ಚಿ ಹಿಡಿದೆ. ನನಗೆ ಮೊದಲ ಐದು ನಿಮಿಷ, ಕೊನೆಗೆ ಅಧ್ಯಕ್ಷರ ನುಡಿ ಎಂದಿತ್ತು. ಅವರು ಮುಂದಿನ ಸಾಲಿನಲ್ಲಿ ಬಿಳಿ ಜುಬ್ಬಾ ಹಾಕಿ, ಬರೆದು ತಂದ ಹಾಳೆ ಹಿಡಿದು ಕೂತಿದ್ದರು. ನಾನು ಎದ್ದೆ. "ನಾನು ಗೌಂಡಿಯ ಮಗಳು" ಎಂದು ಶುರುಮಾಡಿದೆ. ವಸಾಯಿಯ ಮೂಲೆ, ಅಂಬರನಾಥದ ಕಟ್ಟೆ, ಕರ್ನಾಳಾದ ಮರ, ಎಲ್ಲಿ ಯಾವ ಹೊತ್ತಿಗೆ ನೆರಳು ಹೇಗೆ ಸರಿಯುತ್ತದೆ, ಯಾವ ಮನೆಯ ಬಾಗಿಲು ಜಲಜಕ್ಕನ ಹೆಸರಿಗೆ ತೆರೆಯುತ್ತದೆ, ಎಲ್ಲವನ್ನೂ ಹೇಳಿದೆ. ಕಾರ್ಯದರ್ಶಿ ಗಡಿಯಾರ ತೋರಿಸಿದರು. ನಾನು ಕರ್ನಾಳಾದಿಂದ ಐರೋಳಿಗೆ ಹೋದೆ. ಚೀಟಿ ಕಳಿಸಿದರು, ಅಲಿಬಾಗಕ್ಕೆ ಹೋದೆ. ಹಿಂದಿನ ಸಾಲಿನ ಹೆಂಗಸರು ಅಳುತ್ತ ನಗುತ್ತಿದ್ದರು. ಬಾಗಿಲಲ್ಲಿ ಮುಂದಿನ ಕಾರ್ಯಕ್ರಮದವರು, ಮಗುವಿನ ನಾಮಕರಣಕ್ಕೆ ಬಂದವರು, ತೊಟ್ಟಿಲು ಹಿಡಿದು ನಿಂತಾಗ ಹಾಲ್‌ನ ಕಾವಲುಗಾರ ಕೈ ಬೀಸಿದ. ಆಗ ನಿಲ್ಲಿಸಿದೆ.

ಉಳಿದದ್ದು ಒಂದು ನಿಮಿಷದ ಮೌನ. ಅಧ್ಯಕ್ಷರ ಪಾಲಿಗೆ ಬಂದದ್ದು ಅದಷ್ಟೇ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

ಹೊರಗೆ ಮೇ ತಿಂಗಳ ಬಿಸಿಲು. ಹಾಲ್‌ನ ಅಂಗಳದಲ್ಲಿ ಒಂದೇ ಒಂದು ಬೇವಿನ ಮರ. ನಮ್ಮ ಬಸ್ಸಿನ ಹಳೆಯ ಹೆಂಗಸರೆಲ್ಲ ಅದರ ಕಟ್ಟೆಯ ಮೇಲೆ ಆಗಲೇ ಕೂತಿದ್ದರು. ನನಗೂ ಜಾಗ ಇಟ್ಟಿದ್ದರು. ಅಧ್ಯಕ್ಷರು ಕಾರಿಗೆ ಕಾಯುತ್ತ ತಲೆಯ ಮೇಲೆ ಕರವಸ್ತ್ರ ಹಿಡಿದು ನಿಂತಿದ್ದರು. ಮುದುಕರಾಗಿದ್ದರು. ನಮ್ಮತ್ತ ಒಮ್ಮೆ ನೋಡಿ, ಒಂದು ಹೆಜ್ಜೆ ಇಟ್ಟರು.

ನನ್ನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ನೆರಳಿತ್ತು. ನಾನು ಅಲ್ಲಿ ನನ್ನ ಚೀಲ ಇಟ್ಟೆ.