ಯಜಮಾನ್ರು ಬೇಡ ಅಂದ್ರು

ಆಚಾರ್ರೇ, ಯಜಮಾನರು ಬೇಡ ಎಂದಿರಲಿಲ್ಲ. ನಾನು ಅವರನ್ನು ಕೇಳಿಯೇ ಇರಲಿಲ್ಲ. ಕೇಳಿಕೊಂಡು ಬಾ ಎಂದು ನೀವು ಕಳಿಸಿದಿರಿ — ನಾನು ಮೂಲೆಯ ಹೋಟೆಲಿನಲ್ಲಿ ಕೂತು ಒಂದು ಕಾಫಿ ಕುಡಿದು, ವಾಪಸು ಬಂದು, ಅವರ ಹೆಸರಿನಲ್ಲಿ ಸುಳ್ಳು ಹೇಳಿದೆ. ಆ ಸುಳ್ಳಿಗೆ ನಿಮ್ಮ ಗ್ಯಾರೇಜು ಹೋಯಿತು. ಇನ್ನೊಬ್ಬರದು ಏನು ಹೋಯಿತು ಎಂಬುದನ್ನೂ ಬರೆಯುತ್ತೇನೆ. ಬರೆಯಬೇಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ತಿಪಟೂರಿನ ಕೊಬ್ಬರಿ ಮಂಡಿಯ ಶಿವನಂಜಪ್ಪನವರ ಕಪ್ಪು ಕಾರಿಗೆ ನಾನು ಡ್ರೈವರು. ಎಂಜಿನ್ನಿನ ಮುಂದುಗಡೆಯಿಂದ ಆಯಿಲು ತೊಟ್ಟಿಕ್ಕುತ್ತಿತ್ತು. ಸೀಲು ಹಾಕಿಸಿಕೊಂಡು ಬಾ ಎಂದು ಯಜಮಾನರು ನಿಮ್ಮ ಹತ್ತಿರ ಕಳಿಸಿದ್ದರು. ಕುಲುಮೆ ಮನೆತನದಲ್ಲಿ ಹುಟ್ಟಿ ಮೋಟಾರು ರಿಪೇರಿ ಕಲಿತವರು ನೀವು. ಆಚಾರ್ರು ಮುಟ್ಟಿದ ಗಾಡಿ ದಾರಿಯಲ್ಲಿ ನಿಲ್ಲಲ್ಲ ಎಂದು ಊರೇ ಹೇಳುತ್ತಿತ್ತು. ರೇಡಿಯೇಟರು ಇಳಿಸಿ, ಮುಂದಿನ ಮುಚ್ಚಳ ಬಿಚ್ಚಿ, ಒಳಗಿದ್ದ ಟೈಮಿಂಗ್ ಚೈನನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿದಿರಿ.

"ನೋಡಿಲ್ಲಿ ರಂಗ, ಎಷ್ಟು ಜೋಲು ಬಿದ್ದೈತೆ. ಹೆಂಗೂ ಬಿಚ್ಚಿದೀನಿ, ಈಗ್ಲೇ ಹೊಸದು ಹಾಕ್ಬುಟ್ರೆ ಒಂದೇ ಕೆಲಸ. ಮುಚ್ಚಿದ್ಮೇಲೆ ಅಂದ್ರೆ ಮತ್ತೆ ಇಷ್ಟೂ ಬಿಚ್ಬೇಕು."

"ಹಂಗೇ ಓಡ್ಸಿದ್ರೆ?"

"ಆರು ತಿಂಗ್ಳೂ ಓಡ್ಬೋದು, ಆರೇ ದಿನಕ್ಕೆ ಕೈ ಕೊಡ್ಬೋದು. ಅದ್ನ ನಾನು ಹೇಳಕ್ಕಾಗಲ್ಲ ಕಣಪ್ಪ. ಕಡ್ಕಂಡ್ರೆ ಎಂಜಿನ್ನು ನಿಂತಲ್ಲೇ ನಿಲ್ತದೆ. ಚೈನು ಬೆಂಗ್ಳೂರಿಂದ ಬರ್ಬೇಕು, ನಾಕು ದಿನ ಆಯ್ತದೆ. ಕಾರು ಅವ್ರದ್ದು, ಹೋಗಿ ಕೇಳ್ಕಂಡು ಬಾ."

ನಾಲ್ಕು ದಿನ. ಅಂದು ಗುರುವಾರ. ಭಾನುವಾರ ನಾನು ಚಿಕ್ಕನಾಯಕನಹಳ್ಳಿಗೆ ಹೆಣ್ಣು ನೋಡಲು ಹೋಗಬೇಕಿತ್ತು. "ಬಸ್ಸಲ್ಲಿ ಯಾಕ್ಲಾ ಹೋಗ್ತೀಯ, ಕಾರು ತಗಂಡೋಗು" ಎಂದು ಯಜಮಾನರೇ ಹೇಳಿದ್ದರು. ನಮ್ಮಪ್ಪ ಅವರ ತೋಟದಲ್ಲಿ ಕಾಯಿ ಸುಲಿಯುವ ಆಳು. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆ ಬೀದಿಯಲ್ಲಿ ಇಳಿಯಬೇಕು, ಜನ ಬಾಗಿಲಿಗೆ ಬಂದು ನೋಡಬೇಕು — ಇಷ್ಟೇ ನನ್ನ ಆಸೆ. ಕೇಳಿದ್ದರೆ ಯಜಮಾನರು ಖಂಡಿತ "ಹಾಕ್ಸು" ಎನ್ನುತ್ತಿದ್ದರು. ಅದು ಗೊತ್ತಿದ್ದೇ ನಾನು ಕೇಳಲಿಲ್ಲ.

"ಯಜಮಾನ್ರು ಬೇಡ ಅಂದ್ರು," ಎಂದೆ. "ಸೀಲು ಹಾಕಿ ಮುಚ್ಚಿಬುಡಿ ಅಂದ್ರು."

"ಹಂಗಂದ್ರಾ?" ಎಂದು ನೀವು ಒಂದು ಗಳಿಗೆ ನನ್ನ ಮುಖ ನೋಡಿದಿರಿ. ಆಮೇಲೆ ಸ್ಪ್ಯಾನರು ಎತ್ತಿಕೊಂಡಿರಿ.

ಭಾನುವಾರ ಎಲ್ಲಾ ನಾನೆಣಿಸಿದಂತೆಯೇ ಆಯಿತು. ಹೆಣ್ಣಿನ ಕಡೆಯವರು ಒಪ್ಪಿದರು. ಹಿಂತಿರುಗುವಾಗ ಎಂಜಿನ್ನಿನ ಮುಂದುಗಡೆ ಒಂದು ಸದ್ದು — ಜರಜರ, ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂತೆ. ನಮ್ಮಪ್ಪನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಆಗಲಾದರೂ ಹೇಳಬಹುದಿತ್ತು. ಐದು ವಾರ ಆ ಸದ್ದಿನ ಹಿಂದೆಯೇ ಕೂತು ಓಡಿಸಿದೆ. ಒಂದು ದಿನ ಯಜಮಾನರು "ಅದೇನ್ಲಾ ಸದ್ದು?" ಎಂದಾಗ "ಫ್ಯಾನ್ ಬೆಲ್ಟು, ಯಜಮಾನ್ರೇ" ಎಂದೆ. ಒಂದು ಸುಳ್ಳನ್ನು ಉಳಿಸಿಕೊಳ್ಳಲು ಎರಡನೆಯದು ಎಷ್ಟು ಸಲೀಸಾಗಿ ಬಂತು...

ಆರನೆಯ ವಾರ ಒಂದು ಬೆಳಿಗ್ಗೆ ದಬ್ಬೇಘಟ್ಟದಿಂದ ಆಳು ಬಂದ. ಯಜಮಾನರ ಚಿಕ್ಕಮ್ಮ ಪುಟ್ಟಮ್ಮನವರಿಗೆ ಕೊನೆಗಾಲ. ಅಕ್ಕನನ್ನು ನೋಡಬೇಕು ಎನ್ನುತ್ತಿದ್ದಾರೆ ಎಂದ. ಅಕ್ಕ ಎಂದರೆ ಯಜಮಾನರ ತಾಯಿ ಗಂಗಮ್ಮನವರು. ಯಾವುದೋ ನಾಮಕರಣದಲ್ಲಿ ಆಡಿದ ಒಂದು ಮಾತಿಗೆ ಅಕ್ಕತಂಗಿಯರಿಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಗಂಗಮ್ಮನವರು ಉಟ್ಟ ಸೀರೆಯಲ್ಲೇ ಬಂದು ಕಾರು ಹತ್ತಿದರು.

ದಾರಿಯುದ್ದಕ್ಕೂ ಹಿಂದಿನಿಂದ ಅವರ ದನಿ. "ಹೋದೇಟ್ಗೆ ಏನಂತ ಮಾತಾಡ್ಸಲಪ್ಪ ಶಿವು? ಅವ್ಳು ಮಕ ತಿರುಗಿಸ್ಕಂಡ್ರೆ?"

"ಸುಮ್ನಿರವ್ವ, ಅವ್ಳೇ ಅಲ್ವಾ ಹೇಳ್ಕಳಿಸಿರೋದು," ಎಂದರು ಯಜಮಾನರು.

"ತಪ್ಪು ನಂದೇ ಅಂದ್ಬುಡ್ತೀನಿ. ಆ ಮಾತು ನಾನೇ ಮೊದ್ಲು ಆಡಿದ್ದು..."

ನೊಣವಿನಕೆರೆ ದಾಟಿ ಎರಡು ಮೈಲಿ ಹೋಗಿರಬೇಕು. ಮುಂದೆ ಕಬ್ಬಿಣ ಚೂರಾದಂತೆ ಒಂದು ಸದ್ದಾಗಿ ಎಂಜಿನ್ನು ನಿಂತಿತು. ಏನಾಯಿತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆಚಾರ್ರೇ, ಇಲ್ಲಿ ನಡೆದದ್ದು ನಿಮಗೂ ಗೊತ್ತಿಲ್ಲ, ಊರಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಬಾನೆಟ್ಟು ಎತ್ತಿ ಪ್ಲಗ್ಗಿನ ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸುವ ನಾಟಕ ಮಾಡುತ್ತಿದ್ದಾಗ ನಾವು ಹೋಗುವ ದಿಕ್ಕಿಗೇ ತುರುವೇಕೆರೆಯ ಬಸ್ಸು ಬಂತು. ಯಜಮಾನರು ಕೈ ಅಡ್ಡ ಹಿಡಿಯಲು ಹೋದರು. "ಎರಡೇ ನಿಮಿಷ, ಈಗ ಆಯ್ತದೆ" ಎಂದೆ — ಆಗುವುದಿಲ್ಲವೆಂದು ತಿಳಿದೂ. ಆಗುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ ಎಂಬ ಭಯ. ಬಸ್ಸು ಹೋಯಿತು. ಮುಂದಿನದು ಬರಲು ಒಂದೂವರೆ ಗಂಟೆಯಾಯಿತು. ಅಷ್ಟೂ ಹೊತ್ತು ಗಂಗಮ್ಮನವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ತುರುವೇಕೆರೆಯ ದಿಕ್ಕನ್ನೇ ನೋಡುತ್ತಿದ್ದರು.

ಅವರನ್ನು ಬಸ್ಸಿನಿಂದ ಕೈಹಿಡಿದು ಇಳಿಸಲು ನಾನೂ ಜೊತೆಗೆ ಹೋದೆ. ದಬ್ಬೇಘಟ್ಟದ ಆ ಮನೆಯ ಅಂಗಳ ತಲುಪಿದಾಗ ಒಳಗೆ ಅಳು ಕೇಳುತ್ತಿತ್ತು. ಪುಟ್ಟಮ್ಮನವರ ಸೊಸೆ ಓಡಿ ಬಂದು, "ಅಕ್ಕ ಬಂದ್ಲಾ, ಅಕ್ಕ ಬಂದ್ಲಾ ಅಂತ ಬಾಗ್ಲ ಕಡೀಕೇ ನೋಡ್ತಿದ್ರು ದೊಡ್ಡಮ್ಮ... ಈಗ ಅರ್ಧ ಗಂಟೆ ಆಯ್ತು," ಎಂದಳು. ಗಂಗಮ್ಮನವರು ತಂಗಿಯ ಪಕ್ಕ ಕೂತು, ಅವರ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಕಾರಿನಲ್ಲಿ ಹೇಳಿಕೊಂಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ನಾನು ಕಿಟಕಿಯಾಚೆ ನಿಂತು ಕೇಳಿದೆ. ಈಗಲೂ ಕೆಲವು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಆ ದನಿ ಕೇಳಿಸುತ್ತದೆ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಬೈಗುಳವಲ್ಲ — ಬರೀ ಆ ಮೆಲುಮಾತು.

ಮುಂದಿನದು ನಿಮಗೆ ಗೊತ್ತು. ಕಾರನ್ನು ನಿಮ್ಮ ಗ್ಯಾರೇಜಿಗೆ ಎಳೆಸಿಕೊಂಡು ಬಂದು, ನೀವು ಬಿಚ್ಚಿ ಕಡಿದ ಚೈನು ತೋರಿಸಿದಾಗ, ಹತ್ತು ಜನರೆದುರು ಯಜಮಾನರು ಕೂಗಾಡಿದರು. "ಬಿಚ್ಚಿ ನೋಡಿ ಮುಚ್ಚಿದ್ಯಲ್ಲಯ್ಯ, ಕಣ್ಣಿರ್ಲಿಲ್ವಾ ನಿಂಗೆ?"

"ಕೇಳಕ್ಕೆ ಕಳ್ಸಿದ್ದೆ ಸ್ವಾಮಿ. ನೀವೇ ಬೇಡ ಅಂದ್ರಿ ಅಂತ ರಂಗ ಬಂದು ಹೇಳ್ದ."

ಯಜಮಾನರು ನನ್ನ ಕಡೆ ತಿರುಗಿದರು. "ಏನ್ಲಾ?"

"ಆಚಾರ್ರು ನಂಗೇನೂ ಹೇಳ್ಲಿಲ್ಲ, ಯಜಮಾನ್ರೇ."

ನೀವು ಕೂಗಾಡಲಿಲ್ಲ. ದೇವರಾಣೆ ಎನ್ನಲಿಲ್ಲ. ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ನನ್ನನ್ನು ನೋಡುತ್ತಿದ್ದಿರಿ, ನಾನು ತಲೆ ತಗ್ಗಿಸುವವರೆಗೂ. ಮಂಡಿಯವರ ಗಾಡಿಗಳೆಲ್ಲ ಬೇರೆ ಕಡೆ ಹೋದವು. ವರ್ಷ ತುಂಬುವುದರೊಳಗೆ ನೀವು ಬಾಗಿಲು ಹಾಕಿ, ಅರಸೀಕೆರೆಯಲ್ಲಿ ಯಾರದೋ ಕೈಕೆಳಗೆ ಕೆಲಸಕ್ಕೆ ಸೇರಿದಿರಿ. ನನಗೆ ಮಾತ್ರ ನಂಬಿಕಸ್ಥ ಡ್ರೈವರು ಎಂಬ ಹೆಸರು. ಮದುವೆಗೆ ಯಜಮಾನರೇ ಮುಂದೆ ನಿಂತರು. ಒಮ್ಮೆ ಯಜಮಾನರ ಕೆಲಸಕ್ಕೆ ಅರಸೀಕೆರೆಗೆ ಬಂದಾಗ ನಿಮ್ಮನ್ನು ಕಂಡೆ. ಯಾವುದೋ ಲಾರಿಯ ಕೆಳಗಿನಿಂದ ಹೊರಗೆ ಬರುತ್ತಿದ್ದಿರಿ. ನಾನು ಗಾಡಿ ನಿಲ್ಲಿಸಲಿಲ್ಲ.

ಯಜಮಾನರು ಹೋದರು, ಗಂಗಮ್ಮನವರು ಹೋಗಿ ಬಹಳ ಕಾಲವಾಯಿತು. ಕಳೆದ ತಿಂಗಳು ನನ್ನ ಹೆಂಡತಿ ಜಯಮ್ಮನಿಗೆ ಎಲ್ಲಾ ಹೇಳಿದೆ. ಅವಳು ಹೇಳಿದಳು: "ಅವತ್ತು ನೀವು ನೋಡಕ್ಕೆ ಬಂದಾಗ ನಾನು ಒಲೆ ಮುಂದೆ ಇದ್ದೆ ಕಣ್ರೀ. ನೀವು ಕಾರಲ್ಲಿ ಬಂದ್ರೋ ಬಸ್ಸಲ್ಲಿ ಬಂದ್ರೋ, ನಂಗೆ ಗೊತ್ತೇ ಇಲ್ಲ."

ನೀವು ಅರಸೀಕೆರೆಯಲ್ಲೇ ಮಗಳ ಮನೆಯಲ್ಲಿದ್ದೀರಿ, ಕಣ್ಣು ಮಂಜಾಗಿದೆ ಎಂದು ಕೇಳಿದೆ. ಈ ಕಾಗದವನ್ನು ಮಗಳು ಗಟ್ಟಿಯಾಗಿ ಓದಲಿ. ಅಳಿಯ, ಮೊಮ್ಮಕ್ಕಳು, ಪಕ್ಕದ ಮನೆಯವರು, ಎಲ್ಲರೂ ಕೇಳಲಿ. ಕ್ಷಮಿಸಿ ಎಂದು ಬರೆದಿಲ್ಲ, ಬರೆಯುವುದೂ ಇಲ್ಲ. ನಾಳೆ ಮಂಡಿಗೆ ಹೋಗಿ ಯಜಮಾನರ ಮಗನಿಗೂ, ಅಲ್ಲಿ ಕೂತಿರುವ ಹಳಬರಿಗೂ ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಸೋಮವಾರ ಮೊದಲ ಬಸ್ಸಿಗೆ ಅರಸೀಕೆರೆಗೆ ಬರುತ್ತೇನೆ. ಬಾಗಿಲಲ್ಲಿ ನಿಂತಿರುತ್ತೇನೆ. ಒಳಗೆ ಕರೆಯಬೇಕೆಂದೇನೂ ಇಲ್ಲ.