ಬಾಟ್ಲಿಗೆ ತುಂಬಿದ ಸೀನೀರು

ನೀರು ಕಾಯಿಸಿ ಆರಿಸಿ ಕುಡೀರಿ ಅಂತ ಊರೂರು ಸುತ್ತಿ ಗಂಟಲು ಹರ್ಕೊಂಡವಳು ನಾನು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸರ್ಕಾರಿ ನರ್ಸಿನ ಕೆಲಸ, ಕಡೂರಿನಲ್ಲಿ ಒಂದು ಬಾಡಿಗೆ ಕೋಣೆ. ಹೀಗಿರುವಾಗ ಬೆಂಗಳೂರಿನಿಂದ ಜೀಪಿನಲ್ಲಿ ಬಂದಿಳಿದ ಡಾಕ್ಟರು ಹೇಳಿದರು, ಕೆಲವು ಬೋರಿಂಗ್ ನೀರಿನಲ್ಲಿ ಫ್ಲೋರೈಡ್ ಅಂತ ಒಂದು ಇರುತ್ತೆ, ಕಾಯಿಸಿದರೆ ಅದು ಹೋಗಲ್ಲ, ಇನ್ನೂ ಗಟ್ಟಿಯಾಗುತ್ತೆ ಅಂತ. ಅಷ್ಟು ವರ್ಷ ನನ್ನ ಬಾಯಲ್ಲಿ ಒಂದೇ ಪಾಠ ಹೇಳಿಸಿದವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಡಾಕ್ಟರದ್ದು ಒಂದು ಸ್ಟಡಿ. ತರೀಕೆರೆ, ಅಜ್ಜಂಪುರ, ಕಡೂರು ಸುತ್ತಿನ ಹಳ್ಳಿಗಳಲ್ಲಿ ಹತ್ತು ವರ್ಷದಿಂದೀಚೆಗೆ ಕೊರೆಸಿದ ಬೋರಿಂಗುಗಳ ನೀರು ಹಿಡಿದು ಕಳಿಸಬೇಕು, ಸ್ಕೂಲು ಮಕ್ಕಳ ಹಲ್ಲು ನೋಡಿ ಬರೆದುಕೊಳ್ಳಬೇಕು. ಓಡಾಟವೆಲ್ಲ ನನ್ನದು. ಲಿಂಗದಹಳ್ಳಿ ಕಡೆಯ ಮಕ್ಕಳು ಬಾಯಿ ತೆಗೆದರೆ ಹಲ್ಲು ಬೆಳ್ಳಗಿರೋವು. ಎಮ್ಮೆದೊಡ್ಡಿ ಕಾವಲಿನ ಆಚೆಯ ಒಂದು ಹಳ್ಳಿಯಲ್ಲಿ ಮಾತ್ರ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಗೀರು, ಎಷ್ಟು ಉಜ್ಜಿದರೂ ಹೋಗದ್ದು.

ಆ ಊರಿನಲ್ಲಿ ಏಳು ವರ್ಷದ ಒಂದು ಹುಡುಗಿ ಇದ್ದಳು. ನಿಂತರೆ ಮಂಡಿ ಎರಡೂ ಒಂದಕ್ಕೊಂದು ತಾಕೋವು, ಪಾದ ಮಾತ್ರ ದೂರ ದೂರ. ಅಪ್ಪ ಅವ್ವ ಹೊಲಕ್ಕೆ ಹೋದರೆ ಇವಳನ್ನು ನೋಡಿಕೊಳ್ಳುತ್ತಿದ್ದುದು ಅಜ್ಜಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವಶಿವ. ಡಾಕ್ಟರು ಹುಡುಗಿಯ ಕಾಲು ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಇದು ನೀರಿನಿಂದಲೇ ಇರಬೇಕು, ಮೂಳೆ ಇನ್ನೂ ಎಳೇದು, ಈಗಲೇ ನೀರು ಬದಲಾಯಿಸಿದರೆ ಇಷ್ಟಕ್ಕೆ ನಿಲ್ಲಬಹುದು, ತಡವಾದರೆ ನಡೆಯೋದೂ ಕಷ್ಟ ಅಂದರು. ಆದರೆ ಬೋರಿಂಗ್ ಮುಚ್ಚಿಸಿ ಬೇರೆ ನೀರು ಕೊಡಿಸಬೇಕಾದರೆ ಈ ನೀರು ಕೆಟ್ಟದ್ದು ಅಂತ ಲ್ಯಾಬಿನ ಕಾಗದ ಬೇಕು. ಅಲ್ಲೀವರೆಗೆ ಯಾರಿಗೂ ಏನೂ ಹೇಳಬೇಡಿ, ಜನ ಗಾಬರಿಯಾಗ್ತಾರೆ ಅಂತ ತಾಕೀತು ಬೇರೆ.

ಬೆಳಗಿನ ಮೊದಲ ನೀರನ್ನೇ ಹಿಡಿಯಬೇಕು, ಬಾಟ್ಲಿ ನಾನೇ ಕೈಯಾರೆ ತುಂಬಬೇಕು ಅಂತ ನಿಯಮ. ಆ ನಿಯಮ ಬರೆದ ಪುಣ್ಯಾತ್ಮರು ಒಂದು ದಿನ ಆ ಊರಿನ ಬಸ್ಸಿಗೆ ಕಾದಿದ್ದರೆ ಗೊತ್ತಾಗೋದು. ಬೆಳಿಗ್ಗೆ ಒಂದು, ಸಂಜೆ ಒಂದು, ಅದೂ ಡ್ರೈವರಿಗೆ ಮನಸ್ಸು ಬಂದರೆ. ಹಾಗಾಗಿ ಸಂಜೆ ಅಜ್ಜಿಯ ಕೈಗೆ ಬಾಟ್ಲಿ ಕೊಟ್ಟು, ಡಾಕ್ಟರು ನಿಮ್ಮೂರ ನೀರು ನೋಡಬೇಕಂತೆ, ಬೆಳಿಗ್ಗೆ ತುಂಬಿಸಿಡಿ ಅಂತ ಹೇಳಿ ಮುಂದಿನ ಊರಿಗೆ ಹೋದೆ. ಮಾರನೆ ದಿನ ಬಸ್ಸಿನ ಕಿಟಕಿಯಿಂದಲೇ ಇಸ್ಕೊಂಡೆ. ಅಜ್ಜಿ ಬಾಟ್ಲಿಯನ್ನು ಎಷ್ಟು ಚೆನ್ನಾಗಿ ಒರೆಸಿ ಕೊಟ್ಟಿದ್ದಳು ಅಂದರೆ ನನಗೆ ಖುಷಿಯೇ ಆಯಿತು.

ಮೂರು ತಿಂಗಳಿಗೆ ಕಾಗದ ಬಂತು. ಕುಡಿಯಲು ಯೋಗ್ಯ. ಯಾವ ಕೆಲಸಕ್ಕೂ ಆತುರಪಡದ ಆಫೀಸಿನವರು ಇದಕ್ಕೆ ಮಾತ್ರ ಕೂಡಲೇ ಪೇಂಟರನ್ನು ಕಳಿಸಿ, ಬೋರಿಂಗ್ ಕಟ್ಟೆಯ ಮೇಲೆ ಹಸಿರು ಬಣ್ಣದಲ್ಲಿ ಆ ಎರಡು ಮಾತು ಬರೆಸಿದರು. ಡಾಕ್ಟರು ತಲೆ ಕೆರೆದುಕೊಂಡು, ಹಾಗಾದರೆ ಊಟದಲ್ಲಿ ಏನೋ ಕೊರತೆ ಇರಬೇಕು ಅಂತ ಆ ಊರನ್ನು ಪಟ್ಟಿಯಿಂದ ತೆಗೆದರು. ಲ್ಯಾಬಿನವರ ಕಣ್ಣು ಎಲ್ಲಿತ್ತೋ ಅಂತ ನಾನು ಆಫೀಸಿನಲ್ಲಿ ಕಂಡಕಂಡವರ ಹತ್ತಿರ ಬೈದುಕೊಂಡು ತಿರುಗಿದೆ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಮಕ್ಕಳಿಗೆ ಸೂಜಿ ಹಾಕಿ ಮುಗಿಸಿ ಅದೇ ಅಜ್ಜಿಯ ಜಗಲಿಯ ಮೇಲೆ ಕೂತಿದ್ದೆ. ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ತಣ್ಣಗೆ, ಸಿಹಿಯಾಗಿತ್ತು. ನಿಮ್ಮೂರ ಬೋರಿಂಗ್ ನೀರು ಹೀಗಿಲ್ಲವಲ್ಲ ಅಂದೆ.

"ಇದು ಸೀನೀರ ಬಾವೀದು ಕಣವ್ವ. ನೆಂಟ್ರಿಗೆ, ಪೂಜೆಗೆ ಅಂತ ತರದು. ನಿನ್ ಬಾಟ್ಲಿಗೂ ಇದ್ನೇ ತುಂಬ್ಸಿದ್ದೆ."

ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಅಜ್ಜಿ ಬೆನ್ನು ಸವರುತ್ತಾ ವಿವರಿಸಿದಳು. ಡಾಕ್ಟರು ಅಷ್ಟು ದೂರದಿಂದ ಬಂದು ನಮ್ಮೂರ ನೀರು ನೋಡಬೇಕು ಅಂದರೆ ತುಕ್ಕಿನ ವಾಸನೆಯ ಬೋರಿಂಗ್ ನೀರು ಕೊಟ್ಟು ಕಳಿಸೋದಾ, ಊರಿನ ಮರ್ಯಾದೆ ಏನಾಗಬೇಕು. ಬೆಳಕು ಹರಿಯೋ ಮುಂಚೆ ಎದ್ದು, ಬಾಟ್ಲಿಗೆ ಬೂದಿ ಹಾಕಿ ತಿಕ್ಕಿ, ಮುಕ್ಕಾಲು ಮೈಲಿ ನಡೆದು ತುಂಬಿಸಿಕೊಂಡು ಬಂದಿದ್ದಳಂತೆ. ಮನೆಯವರು ಕುಡಿಯೋದು ಮಾತ್ರ ಬಾಗಿಲ ಮುಂದಿನ ಬೋರಿಂಗ್ ನೀರು.

ನನಗೆ ರೇಗಿಹೋಯಿತು. ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ, ಮೊಮ್ಮಗಳ ಕಾಲು ಸೊಟ್ಟಗಾಗ್ತಿರೋದು ಆ ಬೋರಿಂಗ್ ನೀರಿನಿಂದಲೇ, ಅದನ್ನ ಹಿಡಿದುಕೊಟ್ಟಿದ್ದರೆ ಇಷ್ಟೊತ್ತಿಗೆ ಮುಚ್ಚಿಸಿರ್ತಿದ್ವಿ ಅಂತ ಬಾಯಿಗೆ ಬಂದ ಹಾಗೆ ಅಂದೆ. ಅಜ್ಜಿ ಅಂಗಳದಲ್ಲಿ ಕಾಲು ಚಾಚಿ ಕೂತು ಕಲ್ಲಾಡುತ್ತಿದ್ದ ಮಗುವನ್ನೇ ನೋಡಿದಳು.

"ಹಂಗಾದ್ರೆ ದಿನಾ ನಾನೇ ಕುಡುಸ್ದಂಗಾಯ್ತಾ?"

ಬಾಟ್ಲಿ ಅವಳ ಕೈಗೆ ಕೊಟ್ಟು ಹೋದವಳು ನಾನು, ಬಾಯಿ ಮುಚ್ಚಿಕೊಂಡು ಇದ್ದವಳೂ ನಾನು. ನಾಚಿಕೆಯಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ತಪ್ಪು ನನ್ನದೇ, ಇನ್ನೊಮ್ಮೆ ನೀರು ಪರೀಕ್ಷೆ ಮಾಡಿ ಅಂತ ಬರೆದುಕೊಟ್ಟೆ. ಉತ್ತರವಾಗಿ ಬಂದದ್ದು ನನಗೊಂದು ಮೆಮೊ, ನಿಯಮ ಯಾಕೆ ಮೀರಿದಿರಿ ಅಂತ. ಅದಕ್ಕೆ ಉತ್ತರ ಬರೆದರೆ ಗುಮಾಸ್ತರು, ಯೋಗ್ಯ ಅಂತ ಒಮ್ಮೆ ಆದ ನೀರನ್ನು ಅಯೋಗ್ಯ ಮಾಡೋಕೆ ಮೇಲಿನಿಂದ ಆರ್ಡರ್ ಬರಬೇಕು ಕಣ್ರೀ ಅಂದರು. ನೀರು ಇವರ ಆರ್ಡರಿಗೆ ಕಾದು ಕೂತಿರುತ್ತಾ? ತಲೆ ಚಚ್ಚಿಕೊಳ್ಳೋದೊಂದು ಬಾಕಿ. ಆರ್ಡರ್ ಬರುವಷ್ಟರಲ್ಲಿ ಇನ್ನೊಂದು ಬೇಸಿಗೆ ಬಂದಿತ್ತು.

ಈ ಸಲ ಬೋರಿಂಗ್ ಹಿಡಿ ನಾನೇ ಜಗ್ಗಿ, ನಾನೇ ಬಾಟ್ಲಿ ತುಂಬಿ, ನಾನೇ ಮುಚ್ಚಳ ಬಿಗಿದೆ. ಕಟ್ಟೆಯ ಹಸಿರು ಅಕ್ಷರ ಹಾಗೇ ಇತ್ತು. ಬೆವರು ಒರೆಸಿಕೊಂಡು ಅಜ್ಜಿಯ ಮನೆಗೆ ಹೋದೆ. ಹುಡುಗಿಯ ಕಾಲು ನೆಟ್ಟಗಾಗಿರಲಿಲ್ಲ. ಆದರೆ ಮೊದಲಿಗಿಂತ ಹೆಚ್ಚು ಸೊಟ್ಟಗೂ ಆಗಿರಲಿಲ್ಲ, ಮಂಡಿ ಹಿಡಿದು ಎರಡೆರಡು ಸಲ ನೋಡಿದೆ. ಅಜ್ಜಿ ಆಗಷ್ಟೇ ಬಾವಿಯಿಂದ ಬಂದು ಕೊಡ ಇಳಿಸಿದ್ದಳು. ತಲೆಯ ಮೇಲಿನ ಬಟ್ಟೆ ಸಿಂಬಿ ಇನ್ನೂ ತೆಗೆದಿರಲಿಲ್ಲ. ಹಿತ್ತಾಳೆ ಚೊಂಬಿಗೆ ಆ ನೀರು ಬಗ್ಗಿಸಿ ಮೊಮ್ಮಗಳಿಗೆ ಕೊಟ್ಟಳು. ನನಗೆ ಮೂಲೆಯ ಹಂಡೆಯಿಂದ ಒಂದು ಲೋಟ ಮೊಗೆದು ತಂದಳು.

ಮೂಗಿನ ಹತ್ತಿರ ತಂದರೆ ತುಕ್ಕಿನ ವಾಸನೆ. ಅವಳ ಮುಖ ನೋಡಿದೆ.

"ಒಂದೇ ಕೊಡ ತರಕಾಗದು ನನ್ ಕೈಲಿ. ಅದು ಮಗೀಗೆ. ನೀನು ಇದ್ನೇ ಕುಡಿ ತಾಯಿ."

ಆ ಮನೆಯಲ್ಲಿ ಬಂದವರಿಗೆ ಬೋರಿಂಗ್ ನೀರು ಕೊಟ್ಟದ್ದು ಅದೇ ಮೊದಲು ಇರಬೇಕು. ಅಷ್ಟನ್ನೂ ಕುಡಿದು ಲೋಟ ಕೆಳಗಿಟ್ಟೆ.