ಗುಂಡಿಯಕ್ಕ ಹೇಳಿದ ನಿಜ

ಅಂಗಿಗೆ ಗುಂಡಿ ಹಾಕುವುದೇ ಅವಳ ಕಸುಬು. ಹಾಗಾಗಿ ಅವಳು ನಮಗೆಲ್ಲ ಗುಂಡಿಯಕ್ಕ. ಸೋಮವಾರ ಕಾರ್ಖಾನೆಯಿಂದ ಗೋಣಿಚೀಲದ ತುಂಬ ಅಂಗಿಗಳು ಬರುತ್ತಿದ್ದವು, ಶನಿವಾರ ಒಂದೊಂದೂ ಏಳೇಳು ಗುಂಡಿ ಹಾಕಿಸಿಕೊಂಡು ವಾಪಸು ಹೋಗುತ್ತಿದ್ದವು. ನಮ್ಮ ಓಣಿಯಲ್ಲಾದರೋ ಹೆಜ್ಜೆಗೊಂದು ಗುಂಡಿ. ಹೊಸಬರು ಅವಳ ಮನೆ ಎಲ್ಲಿ ಎಂದು ಕೇಳಿದರೆ, "ಗುಂಡಿ ತಪ್ಪಿಸ್ಕೊಂಡು ಹೋಗಿ, ಗುಂಡಿಯಕ್ಕ ಸಿಗ್ತಾಳೆ" ಎನ್ನುತ್ತಿದ್ದೆವು. ಅವಳೂ ಬಾಗಿಲಲ್ಲೇ ಕೂತು, "ಬಿದ್ರೂ ಬರ್ಲಿ ಬಿಡಿ, ಎರಡು ಹೊಲಿಗೆ ಹಾಕಿ ಕಳಿಸ್ತೀನಿ" ಎಂದು ನಗುತ್ತಿದ್ದಳು.

ಅವಳ ಗಂಡ ಗೋಡೆಗೆ ಬಣ್ಣ ಬಳಿಯುವವನು. ಮೂರನೇ ಮಹಡಿಯೆತ್ತರಕ್ಕೆ ಬೊಂಬು ಕಟ್ಟಿದ್ದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಂಚವೇ ಅವನ ಲೋಕ. ಅಲ್ಲೇ ಒರಗಿಕೊಂಡು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಮಕ್ಕಳಿಲ್ಲ. ಅವಳಿಗೆ ಮಗಳೆಂದರೂ ತಂಗಿಯೇ. ತಾಯಿ ಸತ್ತಾಗ ಇವಳಿಗೆ ಹದಿನಾಲ್ಕು, ತಂಗಿಗೆ ನಾಲ್ಕು. ಆಗಿನಿಂದ ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಈ ಕತೆ ನಡೆಯುವುದಕ್ಕೆ ಒಂಬತ್ತು ವರ್ಷ ಮೊದಲು ಆ ಅಕ್ಕತಂಗಿಯರು ಬೇರೆ ಊರಿನಿಂದ ನಮ್ಮ ಬಡಾವಣೆಗೆ ಬಂದರು. ತಂಗಿಯ ಜೊತೆ ಹನ್ನೆರಡು ವರ್ಷದ ಮಗಳಿದ್ದಳು. ತಂಗಿಯ ಗಂಡ ಎಲ್ಲಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಹಡಗಲ್ಲಿ ಕೆಲಸ. ದೂರದ ಸಮುದ್ರ." ವರ್ಷಕ್ಕೊಮ್ಮೆ ಆ ಹುಡುಗಿ ಹುಟ್ಟಿದ ದಿನಕ್ಕೆ ಸರಿಯಾಗಿ ಅಪ್ಪನಿಂದ ಒಂದು ಪೊಟ್ಟಣ ಬರುತ್ತಿತ್ತು. ಅದರಲ್ಲೊಂದು ಹೊಸ ಬಟ್ಟೆ. ಅವಳು ಅದನ್ನು ತೊಟ್ಟು ಓಣಿಯ ಈ ತುದಿಯಿಂದ ಆ ತುದಿಗೆ ನಡೆದರೆ ನನ್ನ ಹೊಟ್ಟೆಯೂ ಸ್ವಲ್ಪ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ. ನಾನು ಗುಂಡಿಯಕ್ಕನ ಪಕ್ಕದ ಮನೆಯವಳು, ಕಚೇರಿಯೊಂದರಲ್ಲಿ ನೆಲ ಒರೆಸುತ್ತಿದ್ದೆ. ನನ್ನ ಮಕ್ಕಳ ಅಪ್ಪ ಕಣ್ಣೆದುರೇ ಇದ್ದೂ ಒಂದು ಕರವಸ್ತ್ರ ತಂದುಕೊಟ್ಟವನಲ್ಲ.

ಆಮೇಲೆ ಬಡವರ ನಡುವೆ ಕೆಲಸ ಮಾಡುವ ಸಂಸ್ಥೆಯೊಂದರವರು ಬಂದರು.

ಮುಂದಾಳು ಮೂವತ್ತರ ಆಸುಪಾಸಿನ ಒಬ್ಬ ಮೇಡಂ. ಕುರ್ಚಿ ತಂದುಕೊಟ್ಟರೆ ಬೇಡವೆಂದು ನೆಲದ ಮೇಲೆ ನಮ್ಮ ನಡುವೆ ಕೂತರು. "ನಾವು ಕೊಡೋರಲ್ಲ, ನೀವು ಬೇಡೋರಲ್ಲ. ನಿಮಗೇನು ಬೇಕು ಅಂತ ನೀವೇ ಹೇಳ್ಬೇಕು, ನೀವೇ ತೀರ್ಮಾನ ಮಾಡ್ಬೇಕು" ಎಂದರು. ಸುಣ್ಣದ ಪುಡಿ ಕೊಟ್ಟು ನಮ್ಮ ಬಡಾವಣೆಯ ಚಿತ್ರವನ್ನು ನಮ್ಮ ಕೈಯಲ್ಲೇ ನೆಲದ ಮೇಲೆ ಬರೆಸಿದರು. ಓಣಿ, ನಲ್ಲಿ, ಮೋರಿ, ನಲವತ್ತಮೂರು ಮನೆ. ಗುಂಡಿಯಕ್ಕನ ತಂಗಿಯ ಮನೆ ಬರೆಯುವಾಗ ಯಾರದೋ ಕೈ ಜಾರಿ ಅದು ಮೋರಿಯೊಳಗೆ ಬಿತ್ತು. ಅಳಿಸಲು ಹೋದರೆ ಗುಂಡಿಯಕ್ಕ, "ಇರ್ಲಿ ಬಿಡಿ, ಸರಿಯಾಗೇ ಇದೆ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕೆವು. ಮೋರಿ ಉಕ್ಕಿದಾಗಲೆಲ್ಲ ಆ ಮನೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು, ತಾಯಿ ಮಗಳು ಮೇಜಿನ ಮೇಲೆ ಮಲಗುತ್ತಿದ್ದರು.

ಬಡಾವಣೆಗೊಂದು ಸಮಿತಿ ಮಾಡಿ, ಅದಕ್ಕೆ ಅಧ್ಯಕ್ಷರು ಬೇಕೆಂದಾಗ ಗುಂಡಿಯಕ್ಕ ಎದ್ದು ನಿಂತು, "ನೀವು ಕೇಳ್ತೀರಿ ಸರಿ ಮೇಡಂ. ನಾವು ಬೇಡ ಅಂದ್ರೂ ಕೇಳ್ತೀರಾ?" ಎಂದಳು. ಮೇಡಂ ಚಪ್ಪಾಳೆ ತಟ್ಟಿದರು. ಅವಳೇ ಅಧ್ಯಕ್ಷೆಯಾದಳು.

ಎದ್ದು ನಿಲ್ಲುವುದು ಹೇಗೆ, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ ಮಾತಾಡುವುದು ಹೇಗೆ, ಜನರನ್ನು ನೋಡಿಕೊಂಡೇ ಹೇಳುವುದು ಹೇಗೆ, ಎಲ್ಲವನ್ನೂ ಅವಳಿಗೆ ಕಲಿಸಿದರು. ಕಲಿತಳು. ಎರಡು ವರ್ಷದಿಂದ ಒಣಗಿದ್ದ ನಲ್ಲಿಯ ವಿಷಯಕ್ಕೆ ನಮ್ಮ ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ನೀರಿನ ಕಚೇರಿಗೆ ಹೋಗಿ, ಅಧಿಕಾರಿಯ ಮೇಜಿನ ಮೇಲೆ ಖಾಲಿ ಕೊಡ ಕುಕ್ಕಿ, "ಇದು ತುಂಬೋವರೆಗೆ ನಾವಿಲ್ಲೇ" ಎಂದಳು. ಒಂದು ವಾರದಲ್ಲಿ ನಲ್ಲಿಯಲ್ಲಿ ನೀರು ಬಂತು. ಅವತ್ತು ನಾನೂ ಅವಳ ಪಕ್ಕದಲ್ಲಿದ್ದೆ. ಬದುಕಿನಲ್ಲಿ ಅಷ್ಟು ಸಂತೋಷ ನನಗೆ ಮತ್ತೆ ಆಗಿಲ್ಲ. ಆದರೆ ಅಲ್ಲಿಂದ ಮುಂದೆ ಗುಂಡಿಯಕ್ಕನಿಗೆ ಮಾತಿನ ರುಚಿ ಹತ್ತಿತು. ಮೈಕು ಕೈಗೆ ಬಂದರೆ ಸೂಜಿ ಮರೆಯುತ್ತಿದ್ದಳು.

ಮರುವರ್ಷ ಸಂಸ್ಥೆಗೆ ಹನ್ನೆರಡು ಪಕ್ಕಾ ಮನೆ ಕಟ್ಟಿಕೊಡುವ ಅವಕಾಶ ಬಂತು. ಇಟ್ಟಿಗೆ ಗೋಡೆ, ಎತ್ತರದ ತಳಪಾಯ, ಒಳಗೇ ನಲ್ಲಿ, ಕಕ್ಕಸು. ಇರುವುದು ನಲವತ್ತಮೂರು ಸಂಸಾರ. ಯಾರಿಗೆ ಕೊಡುವುದು? "ಅದನ್ನೂ ನೀವೇ ಹೇಳ್ಬೇಕು" ಎಂದರು ಮೇಡಂ.

ಒಂದು ಭಾನುವಾರ ಬೆಳಿಗ್ಗೆ ತಗಡಿನ ಚಾವಡಿಯಲ್ಲಿ ಎಲ್ಲರೂ ಸೇರಿದೆವು. ಮನೆಗೊಂದು ಚೀಟಿ. ತೀರಾ ಬಡವರು, ಬಡವರು, ಪರವಾಗಿಲ್ಲ ಎಂದು ಮೂರು ಗುಂಪು. ಒಂದೊಂದು ಚೀಟಿ ಎತ್ತಿ ಓದುವುದು, ಆ ಮನೆಯ ಕಷ್ಟಸುಖ ಎಲ್ಲರೆದುರು ಹೇಳುವುದು, ಕೈ ಎತ್ತಿಸಿ ಗುಂಪಿಗೆ ಹಾಕುವುದು. ಅಕ್ಷರ ಮುದ್ದಾಗಿದೆ ಎಂದು ಚೀಟಿ ಬರೆಯುವ, ನಡೆದದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲಸ ಗುಂಡಿಯಕ್ಕನ ತಂಗಿಯ ಮಗಳಿಗೆ ಬಂದಿತ್ತು. ಅವಳಿಗಾಗ ಇಪ್ಪತ್ತೊಂದು. ಮೇಡಂ ಪಕ್ಕದಲ್ಲಿ ಕಾಲು ಮಡಚಿ ಕೂತು ಬರೆಯುತ್ತಿದ್ದಳು.

ಬಡತನವನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಹೊಲಸು ಕೆಲಸ ಎಂದು ಅವತ್ತು ನೋಡಿದೆ. ಒಬ್ಬಳ ಗಂಡನ ಕುಡಿತ ಹೊರಗೆ ಬಂತು, ಇನ್ನೊಬ್ಬಳ ಬಸಿರು ಇಳಿದದ್ದು ಬಂತು. ಒಬ್ಬ ಮುದುಕ ತನ್ನ ಮಗ ತನಗೆ ಊಟ ಹಾಕುತ್ತಿಲ್ಲವೆಂದು ಮಗನ ಎದುರೇ ಹೇಳಿ, ಮೊದಲ ಗುಂಪಿಗೆ ಬಂದು, ಮನೆ ಸಿಕ್ಕೀತೆಂಬ ಸಂತೋಷಕ್ಕೆ ಅತ್ತ. ನಾನು ನನ್ನ ಮಗನ ಮೂರ್ಛೆರೋಗ ಹೇಳಿಕೊಂಡೆ. ಹನ್ನೆರಡನೆಯ ಚೀಟಿಯಾಗಿ ನಮ್ಮದು ಮೊದಲ ಗುಂಪಿಗೆ ಬಿತ್ತು.

ಗುಂಡಿಯಕ್ಕ ತನ್ನ ಚೀಟಿಯನ್ನು ತಾನೇ ನಡುವಿನ ಗುಂಪಿಗೆ ಹಾಕಿ, "ನನಗೆ ದುಡಿಯೋ ಕೈ ಇದೆ" ಎಂದಳು. ಆಮೇಲೆ ಬಂದದ್ದು ಅವಳ ತಂಗಿಯ ಚೀಟಿ.

"ಅದನ್ನ ಈ ಕಡೆ ಹಾಕಿ" ಎಂದು ಕೊನೆಯ ಗುಂಪು ತೋರಿಸಿ ಕೂಗಿದವಳು ಅಂಗಡಿಯಮ್ಮ. ಓಣಿಯ ತುದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವಳು. ಅವಳ ಮಗನಿಗೂ ಈ ಹುಡುಗಿಗೂ ಮದುವೆ ಮಾತಾಗಿತ್ತು. "ನಮ್ಮ ಬೀಗರಾಗೋರನ್ನ ಬಡವರ ಗುಂಪಿಗೆ ಹಾಕ್ತೀರೇನ್ರೀ? ಹುಡುಗಿ ಅಪ್ಪ ಹಡಗಲ್ಲಿ ದುಡೀತಾರೆ."

"ಹಡಗಿನವರ ಮನೆ ಅಂತ್ಲೇ ಒಳಗೆ ನೀರು ಬರೋದು" ಎಂದು ಹಿಂದಿನಿಂದ ಯಾರೋ ಅಂದರು. ನಗು.

ಮೇಡಂ, "ಹೊರಗೆ ದುಡಿಯೋ ಗಂಡಸಿದ್ರೆ ಮೊದಲನೇ ಗುಂಪಿಗೆ ಬರಲ್ಲ. ನಿಯಮ ಮಾಡಿದ್ದು ನೀವೇ. ಬೇರೆ ಏನಾದ್ರೂ ವಿಷಯ ಇದ್ರೆ ಹೇಳಿ. ಇಲ್ಲಿ ಮುಚ್ಚುಮರೆ ಬೇಡ" ಎಂದರು.

ಗುಂಡಿಯಕ್ಕ ತಂಗಿಯ ಕಡೆ ತಿರುಗಿದಳು. ತಂಗಿ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಬಾಯಿಬಿಟ್ಟೇ ಅಂದಳು, "ಬೇಡ ಅಕ್ಕ. ನಮಗೆ ಮನೆ ಬೇಡ."

"ನೀನು ಸುಮ್ನಿರು. ಬಾಯಿ ಮುಚ್ಕೊಂಡಿದ್ದಕ್ಕೇ ಮೋರೀಲಿ ಬಿದ್ದಿರೋದು."

ಹಾಗೆಂದವಳು ಮೈಕು ಹಿಡಿದು, ಕಲಿಸಿದ ಹಾಗೆ ನೆಟ್ಟಗೆ ನಿಂತಳು, ಜನರನ್ನು ನೋಡಿದಳು. "ನನ್ನ ತಂಗಿ ಗಂಡ ಯಾವ ಹಡಗಲ್ಲೂ ಇಲ್ಲ. ಜೈಲಲ್ಲಿದ್ದಾನೆ. ಒಂಬತ್ತು ವರ್ಷ ಆಯ್ತು. ಗೋದಾಮಿಗೆ ಕಳ್ಳತನಕ್ಕೆ ಹೋಗಿ ಕಾವಲಿನವನ ತಲೆಗೆ ಹೊಡೆದ, ಆತ ಸತ್ತುಹೋದ. ಜೀವಾವಧಿ ಆಗಿದೆ. ಅವಳಿಗೆ ದುಡಿದು ಹಾಕೋ ಗಂಡಸಿಲ್ಲ. ಅವಳಿಗಿಂತ ಬಡವರು ಈ ಬಡಾವಣೇಲಿ ಯಾರಿದ್ದಾರೆ, ಹೇಳಿ."

ಮೇಡಂಗೆ ಯಾರ ಮಗಳು ಯಾರೆಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲವೋ ಏನೋ, ಪಕ್ಕದಲ್ಲಿದ್ದ ಹುಡುಗಿಗೆ, "ಇದನ್ನೂ ಬರ್ಕೊಳ್ಳಮ್ಮ" ಎಂದರು.

ಹುಡುಗಿ ಪೆನ್ನು ಹಿಡಿದುಕೊಂಡೇ ಕೇಳಿದಳು. "ದೊಡ್ಡಮ್ಮ, ಯಾರ ವಿಷಯ ಹೇಳ್ತಿದ್ದೀಯ?"

ಆಗ ನಮಗೆಲ್ಲ ತಿಳಿಯಿತು, ಅವಳಿಗೂ ಗೊತ್ತಿರಲಿಲ್ಲ. ಹಡಗಿನ ಕತೆಯನ್ನು ನಾವು ನಂಬಿದ ಹಾಗೇ ಅವಳೂ ನಂಬಿದ್ದಳು. ಹೇಳುವ ಭರದಲ್ಲಿ ಈ ಮಗು ಇಲ್ಲೇ ಕೂತಿದೆ ಎಂಬುದನ್ನೇ ಗುಂಡಿಯಕ್ಕ ಮರೆತಿದ್ದಳು. ಆಡಿದ ಮಾತು, ಒಡೆದ ಮುತ್ತು.

"ವರ್ಷ ವರ್ಷ ಅಪ್ಪ ಕಳಿಸ್ತಿದ್ದ ಬಟ್ಟೆ?"

"ನಾನು ಹೊಲಿದಿದ್ದು ಕಣೇ" ಎಂದಳು ಗುಂಡಿಯಕ್ಕ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಆ ಚಾವಡಿ ಕೇಳಿರಲಿಲ್ಲ.

ಹುಡುಗಿ ಪುಸ್ತಕ ಮುಚ್ಚಿ ಮೇಡಂ ಕೈಗಿತ್ತಳು. ಯಾರ ಕಾಲೂ ತುಳಿಯದ ಹಾಗೆ ನೋಡಿಕೊಂಡು, ಕೂತವರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚೀಟಿ ಇನ್ನೂ ಗುಂಡಿಯಕ್ಕನ ಕೈಯಲ್ಲಿತ್ತು. ಗಾರೆ ಕೆಲಸದವನೊಬ್ಬ ಎದ್ದು, "ಕೊಲೆ ಮಾಡಿದೋನ ಸಂಸಾರಕ್ಕೆ ಮನೇನಾ? ನಾಳೆ ಅವನು ಬಿಡುಗಡೆ ಆಗಿ ಬಂದ್ರೆ ಪಕ್ಕದ ಮನೇಲಿ ಇರೋರು ಯಾರು? ನಮಗೂ ಹೆಣ್ಣುಮಕ್ಕಳಿದ್ದಾರೆ" ಎಂದ. ಅಂಗಡಿಯಮ್ಮ, "ಒಂಬತ್ತು ವರ್ಷ ಇಡೀ ಓಣಿ ಕಿವಿಗೆ ಹೂವಿಟ್ಟೋರು" ಎಂದಳು. ಅವಳ ಮುಖ ಕೆಂಡವಾಗಿತ್ತು.

ಗುಂಡಿಯಕ್ಕ ಮೇಡಂ ಕಡೆ ನೋಡಿ, "ನೀವಾದ್ರೂ ಹೇಳಿ ಮೇಡಂ" ಎಂದಳು.

ಮೇಡಂ ಕಣ್ಣಲ್ಲಿ ನೀರಿತ್ತು, ಅದು ನಿಜ. ಆದರೆ ಅವರು ಹೇಳಿದ್ದಿಷ್ಟೇ: "ಇದು ಜನರ ತೀರ್ಮಾನ. ನಾವು ಮಧ್ಯೆ ಬಂದ್ರೆ ಇಷ್ಟು ದಿನ ಮಾಡಿದ್ದಕ್ಕೆ ಅರ್ಥ ಇರಲ್ಲ."

ಆ ಮನೆ ಮೊದಲ ಗುಂಪಿಗೆ ಬೇಡ ಎನ್ನುವವರು ಕೈ ಎತ್ತಿ ಎಂದರು. ಮೂವತ್ತೊಂದು ಕೈ ಎದ್ದವು. ಅದರಲ್ಲಿ ನನ್ನದೂ ಒಂದು. ಅವಳಿಗಿಂತ ನಾವು ವಾಸಿ, ಆ ಚೀಟಿ ಒಳಗೆ ಬಂದಿದ್ದರೆ ಹನ್ನೆರಡನೆಯದಾದ ನಮ್ಮ ಚೀಟಿ ಹೊರಗೆ ಹೋಗುತ್ತಿತ್ತು. ನನ್ನ ಮಗ ಮೂರ್ಛೆ ಬಂದು ಎರಡು ಸಲ ಮೋರಿಗೆ ಬಿದ್ದಿದ್ದ. ಹೀಗೆಲ್ಲ ನಾನು ಈಗ ಹೇಳುತ್ತೇನೆ. ಕೈ ಎತ್ತುವಾಗ ಏನೂ ಯೋಚಿಸಲಿಲ್ಲ, ಸಲೀಸಾಗಿ ಎತ್ತಿದೆ. ಅಧ್ಯಕ್ಷೆಯಾದ್ದರಿಂದ ಕೈಗಳನ್ನು ಎಣಿಸಿದವಳು ಗುಂಡಿಯಕ್ಕ. ನನ್ನ ಕೈಯನ್ನೂ ಎಣಿಸಿದಳು. ತಂಗಿಯ ಚೀಟಿಯನ್ನು ತಾನೇ ಬಗ್ಗಿ ಕೊನೆಯ ಗುಂಪಿನ ಮೇಲಿಟ್ಟಳು.

ಮದುವೆಯ ಮಾತು ಮಾರನೆಯ ಬೆಳಿಗ್ಗೆಯೇ ಮುರಿಯಿತು. ಹುಡುಗಿ ಅದಕ್ಕೆ ಅಳಲಿಲ್ಲ. ಎರಡು ದಿನ ಕಳೆದು ದೊಡ್ಡಮ್ಮನ ಮನೆಗೆ ಬಂದಳು. ಗೋಡೆಯಾಚೆ ಇದ್ದ ನನಗೆ ಒಂದೊಂದು ಮಾತೂ ಕೇಳಿಸಿತು.

"ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ" ಎಂದು ಗುಂಡಿಯಕ್ಕ ಶುರುಮಾಡಿದಳು.

"ಗೊತ್ತು. ಆದ್ರೆ ಒಂಬತ್ತು ವರ್ಷ ಇದೇ ಮಂಚದ ಮೇಲೆ ನನ್ನ ತಲೆ ಬಾಚಿದ್ದೀಯಲ್ಲ ದೊಡ್ಡಮ್ಮ, ಒಂದಿನಾನೂ ಬಾಯಿ ಬರ್ಲಿಲ್ಲ. ಕೈಗೆ ಮೈಕ್ ಕೊಟ್ಟ ತಕ್ಷಣ ಬಂತಾ?"

ಮಂಚದ ಮೇಲಿದ್ದ ಗಂಡ, "ಸಾಕು ಬಿಡಮ್ಮ" ಎಂದ. ಹುಡುಗಿ ಸಾಕು ಮಾಡಿದಳು. ಆಮೇಲೆ ಆ ಮನೆಗೆ ಅವಳು ಕಾಲಿಡಲಿಲ್ಲ.

ಆ ವಾರವೇ ಒಬ್ಬಳೇ ಬಸ್ಸು ಹತ್ತಿ ಅಪ್ಪನಿದ್ದ ಜೈಲಿಗೆ ಹೋದಳು. ಹೆಸರು ಬರೆಸಿ ಅರ್ಧ ದಿನ ಬೆಂಚಿನ ಮೇಲೆ ಕಾದಳಂತೆ. ಅಪ್ಪ ಹೊರಗೆ ಬರಲಿಲ್ಲ. ಕಾವಲಿನವನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದ: "ನನ್ನ ಮಗಳ ಅಪ್ಪ ಹಡಗಲ್ಲಿದ್ದಾನೆ. ಬಂದಿರೋಳು ಬೇರೆ ಯಾರೋ." ಇದನ್ನು ನನಗೆ ಹೇಳಿದವಳು ಅವಳ ತಾಯಿ, ಸಾಮಾನು ಕಟ್ಟುವಾಗ. ತಿಂಗಳು ತುಂಬುವ ಮೊದಲೇ ತಾಯಿ ಮಗಳು ಬಡಾವಣೆ ಬಿಟ್ಟು ಹೋದರು. ಅಕ್ಕನಿಗೆ ಎಲ್ಲಿಗೆಂದು ಹೇಳಲಿಲ್ಲ.

ಮನೆಗಳು ಎದ್ದವು. ಕೀಲಿಕೈ ಹಂಚುವ ದಿನ ಗುಂಡಿಯಕ್ಕನೇ ನಮ್ಮ ಕೈಗೆ ಕೀಲಿ ಕೊಟ್ಟಳು. ನಕ್ಕಳು ಕೂಡ, ಫೋಟೋ ತೆಗೆಯುವವನು ನಗಿ ಎಂದಿದ್ದ. ಸಂಸ್ಥೆ ಅಚ್ಚು ಹಾಕಿಸಿದ ಪುಸ್ತಕದ ಮೊದಲ ಪುಟದಲ್ಲಿ ಅವಳ ಫೋಟೋ ಇತ್ತು. ಸ್ವಂತ ತಂಗಿಯ ವಿಷಯದಲ್ಲೂ ಪಕ್ಷಪಾತ ಮಾಡದೆ ಜನರ ತೀರ್ಪಿಗೆ ತಲೆಬಾಗಿದ ನಾಯಕಿ ಎಂದು ಕೆಳಗೆ ಬರೆದಿದ್ದರು. ಬೇರೆ ಬಡಾವಣೆಗಳಲ್ಲಿ ಅದನ್ನೇ ಹೇಳಲು ಅವಳನ್ನು ಕರೆದೊಯ್ದರು. ಎರಡು ಕಡೆ ಹೇಳಿದಳು. ಮೂರನೆಯ ಕಡೆ ಮೈಕಿನ ಮುಂದೆ ನಿಂತವಳಿಗೆ ದನಿಯೇ ಹೊರಡಲಿಲ್ಲ. ಆಮೇಲೆ ಕರೆಯಲಿಲ್ಲ. ಯೋಜನೆಯ ಮೂರು ವರ್ಷದ ಅವಧಿ ಮುಗಿದ ಮೇಲೆ ಸಂಸ್ಥೆಯವರೂ ಹೊರಟುಹೋದರು.

ನನ್ನ ಮನೆ ಚೆನ್ನಾಗಿದೆ. ಸೋರುವುದಿಲ್ಲ. ಮಗ ಬಿದ್ದರೂ ಸಿಮೆಂಟು ನೆಲದ ಮೇಲೆ ಬೀಳುತ್ತಾನೆ.

ಹೋದ ವರ್ಷ ಗುಂಡಿಯಕ್ಕನಿಗೆ ತಂಗಿಯ ವಿಳಾಸ ಹೇಗೋ ಸಿಕ್ಕಿತು. ಕಣ್ಣು ಮಂಜಾಗಿದ್ದರಿಂದ ಜೊತೆಗೆ ನನ್ನನ್ನು ಕರೆದಳು. ಎರಡು ಬಸ್ಸು ಬದಲಿಸಿ ಹೋದೆವು. ಬಟ್ಟೆ ಒಗೆಯುವ ಕಾರ್ಖಾನೆಯ ಹಿಂದೆ ಸಾಲು ಮನೆ, ಐದನೆಯ ಬಾಗಿಲು. ತಂಗಿಯೇ ತೆಗೆದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

ಗುಂಡಿಯಕ್ಕ, "ನಾನು ಕಣೇ" ಎಂದಳು.

ತಂಗಿ ಕ್ಷಣಹೊತ್ತು ನೋಡಿದಳು. "ಯಾರು ಬೇಕಿತ್ತು ನಿಮಗೆ?" ಎಂದು ಕೇಳಿದಳು.

ನೀವು ಎಂದಳು. ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಿಲಲ್ಲಿ ಬಂದಿದ್ದೀರಿ ಎಂದು ಒಳಗಿನಿಂದ ಎರಡು ಲೋಟ ನೀರು ತಂದುಕೊಟ್ಟಳು, ಕುಡಿಯುವವರೆಗೆ ಕಾದಳು, ಲೋಟ ಇಸಿದುಕೊಂಡಳು. "ನೀವು ಹುಡುಕೋರು ಇಲ್ಲಿ ಯಾರೂ ಇಲ್ಲ ಅಮ್ಮ, ಮನೆ ತಪ್ಪಿ ಬಂದಿರ್ಬೇಕು" ಎಂದು ನನ್ನ ಮುಖ ನೋಡಿಕೊಂಡೇ ಹೇಳಿ ಬಾಗಿಲು ಹಾಕಿದಳು. ಒಳಗೆ ಯಾವುದೋ ಕೂಸು ಅಳುವುದು ಕೇಳಿಸಿತು. ಮೊಮ್ಮಗುವೋ, ಯಾರ ಮಗುವೋ.

ಸಂಜೆ ಗುಂಡಿಯಕ್ಕನ ಜೊತೆ ವಾಪಸು ಬಂದೆ. ಮನೆ ಹೊಕ್ಕಾಗ ಮಂಚದ ಮೇಲಿನಿಂದ ಗಂಡ, "ಸಿಕ್ಕಳಾ?" ಎಂದು ಕೇಳಿದ.

"ಚೆನ್ನಾಗಿದ್ದಾಳೆ. ಊಟ ಮಾಡ್ಕೊಂಡು ಹೋಗು ಅಂತ ಬಲವಂತ ಮಾಡಿದ್ಲು. ಬಸ್ಸಿಗೆ ಹೊತ್ತಾಯ್ತು ಅಂತ ಬಂದ್ವಿ" ಎಂದಳು.

ಅವನು ನನ್ನ ಕಡೆ ನೋಡಿದ. ಹೌದು ಎಂದು ನಾನೂ ತಲೆಯಾಡಿಸಿದೆ.